ತವರಿನ ಬೊಟ್ಟು ಯಾರ ಬಂಗಾರದ್ದು?

ಪತ್ತಾರಿಕೆ, ಅಂದರೆ ಅಕ್ಕಸಾಲಿ ಕೆಲಸ, ಕಲಿಯೋಕೆ ಕೂತಿರುವ ಹುಡುಗರು ಆಗಾಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಸರಸ್ವತಿ ನಗರದ ಈ ಮನೆಯ ಪಡಸಾಲೆಯಲ್ಲಿ ಕೂತು, ಚಹಾ ಕುಡಿದು, "ಆಚಾರ್ರೆ, ಆಗಿನ ಕಾಲದಾಗ ಬೆಸುಗೆ ಹೆಂಗೆ ಹಾಕ್ತಿದ್ರಿ, ಬಂಗಾರ ಕರಗಿಸೋ ಮೂಸೆ ಎಲ್ಲಿಂದ ತರ್ತಿದ್ರಿ" ಅಂತೆಲ್ಲ ಕೇಳುತ್ತಾರೆ. ಹೇಳುತ್ತೇನೆ. ಊದುಗೊಳವೆ ಊದಿ ಊದಿ ಗಲ್ಲ ಎರಡೂ ಜೋತು ಬಿದ್ದಿವೆ, ಕಣ್ಣು ಮಂಜಾಗಿವೆ, ಮಾತಾಡುವುದು ಬಿಟ್ಟರೆ ನನಗಿನ್ನೇನು ಕೆಲಸ? ಆದರೆ ಬಂಗಾರ ತಂದವರನ್ನು ಮೊದಲು ಏನು ಕೇಳಬೇಕು ಅಂತ ಇದುವರೆಗೆ ಒಬ್ಬನೂ ಕೇಳಿಲ್ಲ. ಕೇಳದಿದ್ದರೆ ಬಿಡುವವನೇ ನಾನು? ಕೇಳದವರಿಗೂ ಹೇಳಿಬಿಡೋಣ ಅಂತ ಬರೆಯೋಕೆ ಕೂತಿದ್ದೇನೆ.

ನಾನು ಕೆಲಸ ಕಲಿತದ್ದು ನಮ್ಮ ದೊಡ್ಡಪ್ಪನ ಕೈಕೆಳಗೆ, ದಾವಣಗೆರೆ ಚೌಕಿಪೇಟೆಯ ಒಂದು ಓಣಿಯಲ್ಲಿ. ಅಂಗಡಿ ಅಂದರೆ ಇಬ್ಬರು ಕೂತರೆ ಮೂರನೆಯವನು ನಿಲ್ಲಬೇಕು, ಅಷ್ಟೇ ಜಾಗ. ಅಗ್ಗಿಷ್ಟಿಕೆ, ಚಿಮುಟ, ಒರೆಗಲ್ಲು, ತೂಕಕ್ಕೆ ಗುಲಗಂಜಿ. ಸಂಜೆ ಕಸ ಗುಡಿಸಿದರೆ ಆ ಕಸವನ್ನೂ ಚೆಲ್ಲುವಂತಿಲ್ಲ, ಅದರಲ್ಲಿ ಬಂಗಾರದ ಪುಡಿ ಇರುತ್ತದೆ. ದೊಡ್ಡಪ್ಪ ನನ್ನ ತಲೆಗೂದಲನ್ನೂ ಜಾಡಿಸಿಯೇ ಮನೆಗೆ ಕಳಿಸುತ್ತಿದ್ದ. "ಸೀನಬ್ಯಾಡ, ನಗಬ್ಯಾಡ, ಜೋರಾಗಿ ಉಸಿರು ಬಿಡಬ್ಯಾಡ" ಅಂತ ದಿನವೂ ಪಾಠ. ಒಮ್ಮೆ ಒಂದು ಮೂಗುಬೊಟ್ಟಿನ ಹರಳು ನನ್ನ ಸೀನಿಗೆ ಹಾರಿ ಎದುರು ಚರಂಡಿಗೆ ಬಿತ್ತು. ಇಡೀ ಮಧ್ಯಾಹ್ನ ಚರಂಡಿ ಜಾಲಿಸಿದೆ, ದೊಡ್ಡಪ್ಪ ಕಟ್ಟೆ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತ ನನ್ನನ್ನು ನೋಡಿ ನಗುತ್ತಿದ್ದ.

ಅಂಥ ದೊಡ್ಡಪ್ಪ ತಾಳಿಯ ಕೆಲಸ ಬಂದಾಗ ಮಾತ್ರ ನಗುತ್ತಿರಲಿಲ್ಲ. ನಮ್ಮ ಕಡೆ ತಾಳಿ ಸರದಲ್ಲಿ ಎರಡು ಬೊಟ್ಟು. ಒಂದು ಗಂಡನ ಮನೆಯದು, ಇನ್ನೊಂದು ತವರಿನದು. ಬೊಟ್ಟು ಅಂದರೆ ಪುಟ್ಟ ಬಟ್ಟಲು ಬೋರಲು ಹಾಕಿದ ಹಾಗಿರುವ ಬಂಗಾರದ ಬಿಲ್ಲೆ, ಅದರ ಅಕ್ಕಪಕ್ಕ ಗುಂಡು, ಕರಿಮಣಿ. ಗಂಡನ ಮನೆಯವರು ಅವರದಕ್ಕೆ ಬಂಗಾರ ತರಬೇಕು, ತವರಿನವರು ತಮ್ಮದಕ್ಕೆ ತರಬೇಕು. ಸುಮ್ಮನೆ ತಂದು ಕೈಗೆ ಕೊಡುವಂತಿಲ್ಲ. ತಟ್ಟೆಯಲ್ಲಿ ಎಲೆ ಅಡಿಕೆ, ಅರಿಷಿಣ ಕುಂಕುಮ ಇಟ್ಟು ಅದರ ಮೇಲೆ ಬಂಗಾರ ಇಡಬೇಕು. ದೊಡ್ಡಪ್ಪ ತಟ್ಟೆ ಮುಟ್ಟುವ ಮೊದಲು ಗಟ್ಟಿಯಾಗಿ ಕೇಳುತ್ತಿದ್ದ, "ಇದು ಯಾರ ಬಂಗಾರ?" ತಂದವರು "ತವರಿನದು" ಅಂತ ನಾಲ್ಕು ಜನರಿಗೆ ಕೇಳುವ ಹಾಗೆ ಹೇಳಬೇಕು. ಹೇಳಿದ ಮೇಲೆಯೇ ಒಲೆಗೆ ಇದ್ದಿಲು.

ನನಗೆ ಅದೆಲ್ಲ ಬರೀ ಶಾಸ್ತ್ರ ಅನ್ನಿಸುತ್ತಿತ್ತು. ದೊಡ್ಡಪ್ಪ ಊರಿಗೆ ಹೋದ ಒಂದು ದಿನ ಆವರಗೆರೆಯ ಒಬ್ಬ ಭೂಪ ಬಂದ. ಹೆಂಡತಿಯ ತವರಿನ ಬೊಟ್ಟು ಕಳೆದಿದೆ, ಅಂಥದ್ದೇ ಇನ್ನೊಂದು ಮಾಡಿಕೊಡು ಅಂದ. ಬಂಗಾರ ಅವನೇ ತಂದಿದ್ದ. ನಾನು ದೊಡ್ಡ ಕೆಲಸಗಾರನ ಹಾಗೆ ಥಳಥಳ ಹೊಳೆಯುವ ಬೊಟ್ಟು ಮಾಡಿ ಕೊಟ್ಟೆ. ಮಾರನೇ ದಿನ ಅವನ ಹೆಂಡತಿ ಬಿರುಗಾಳಿ ಬಂದ ಹಾಗೆ ಬಂದು ಬೊಟ್ಟನ್ನು ನನ್ನ ಮುಂದೆ ಎಸೆದಳು. "ಇದು ನಮ್ಮವ್ವ ಕೊಟ್ಟದ್ದಲ್ಲ! ನನ್ನ ಮಗ ಹಲ್ಲು ಬರೋವಾಗ ಕಚ್ಚಿದ ಗುರುತು ಅದರಾಗಿತ್ತು. ಈ ಗಂಡಸು ಇಸ್ಪೀಟಿಗೆ ಅದನ್ನ ಕಳಕೊಂಡು ಬಂದಾನೆ, ನೀನು ಅವನ ತಪ್ಪು ಮುಚ್ಚಿಹಾಕೋಕೆ ನಿಂತೀಯೇನೋ?" ಓಣಿಗೆ ಓಣಿಯೇ ಸೇರಿತು. ದೊಡ್ಡಪ್ಪ ಬಂದ ಮೇಲೆ ಬೈಯಲಿಲ್ಲ, ಆದರೆ "ತವರಿನ ಬೊಟ್ಟು ಅಂಗಡಿಯಾಗ ಸಿಗೋ ಸಾಮಾನಲ್ಲಪ್ಪ" ಅಂದ. ಅವತ್ತಿನಿಂದ ನಾನು ಅವನಿಗಿಂತ ಬಿಗಿಯಾದೆ. ಯಾರ ಬಂಗಾರ ಅಂತ ಕೇಳದೆ ತಾಳಿಗೆ ಕೈ ಹಾಕುವುದಿಲ್ಲ ಅಂತ ಹಟ ಹಿಡಿದೆ. ಆ ಹಟವೇ ಮುಂದೆ ನನ್ನನ್ನು ಸಿಕ್ಕಿಸಿಹಾಕಿತು.

ದೊಡ್ಡಪ್ಪ ತೀರಿಕೊಂಡು ಅಂಗಡಿ ನನ್ನ ಕೈಗೆ ಬಂದಿತ್ತು. ಆಗ ಬಂಗಾರದ ಕಾನೂನು ಬಂತು. ಅರವತ್ತರ ದಶಕದ ಶುರುವಿನ ಮಾತು, ಚೀನಾ ಯುದ್ಧ ಆಗಷ್ಟೇ ಮುಗಿದಿತ್ತು. ಹದಿನಾಲ್ಕು ಕ್ಯಾರೆಟ್ಟಿಗಿಂತ ಮೇಲಿನ ಹೊಸ ಒಡವೆ ಮಾಡುವಂತಿಲ್ಲ ಅಂತ ಸರ್ಕಾರ ಹೇಳಿತು. ಹದಿನಾಲ್ಕು ಅಂದರೆ ಹೆಚ್ಚು ಕಡಿಮೆ ಅರ್ಧ ತಾಮ್ರ. ಬಣ್ಣ ಕೆಂಪು, ತಟ್ಟಿದರೆ ಬಿರುಸು, ಜನಕ್ಕೆ ಮುಟ್ಟೋಕೂ ಮನಸ್ಸಿಲ್ಲ. ನಮ್ಮ ಓಣಿಯ ಪತ್ತಾರರಲ್ಲಿ ಒಬ್ಬ ಮಿಲ್ಲಿಗೆ ಕೂಲಿಗೆ ಹೋದ, ಇನ್ನೊಬ್ಬ ಬೀಡಿ ಅಂಗಡಿ ಇಟ್ಟ. "ಮೋನಪ್ಪ, ನೀನೂ ಬಾರೋ" ಅಂತ ಕರೆದರು. ನನ್ನ ಹೆಸರು ಮೌನೇಶಾಚಾರಿ, ಓಣಿಯವರಿಗೆ ಮೋನಪ್ಪ. ನಾನು ಹೋಗಲಿಲ್ಲ. ಕುಂತ ಜಾಗ ಬಿಟ್ಟು ಏಳೋನಲ್ಲ ನಾನು. ಸರ ಪೋಣಿಸುತ್ತಿದ್ದೆ, ಮುರಿದ ಓಲೆ ಕೂಡಿಸುತ್ತಿದ್ದೆ, ಹಂಗೂ ಹಿಂಗೂ ದಿನ ತಳ್ಳುತ್ತಿದ್ದೆ.

ಅಂಥದ್ದರಲ್ಲಿ ಒಂದು ಬೆಳಿಗ್ಗೆ ಗಿರಿಜಾ ಬಂದಳು. ಹತ್ತಿ ಮಂಡಿಯ ಸಿದ್ಧಪ್ಪನವರ ಒಬ್ಬಳೇ ಮಗಳು. ಅವರ ಮನೆತನದ ಒಡವೆಯೆಲ್ಲ ದೊಡ್ಡಪ್ಪನ ಕಾಲದಿಂದ ನಮ್ಮಲ್ಲೇ ಆದದ್ದು, ಆ ಮಗುವಿನ ಕಿವಿ ಚುಚ್ಚಿದವನೂ ನಾನೇ. ಬಿ.ಎ. ಓದಿ ಹರಿಹರದ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರಾಗಿದ್ದಳು, ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದಳು. ಅವಳ ಹಿಂದೆ ಒಬ್ಬ ಎತ್ತರದ ಹುಡುಗ, ಅವನ ಹಿಂದೆ ಬಿಳಿ ಸೀರೆಯ ಒಬ್ಬ ಹೆಂಗಸು. ಹುಡುಗ ಸ್ಯಾಮುವೇಲ್, ಹರಿಹರದ ಕಾರ್ಖಾನೆಯಲ್ಲಿ ಲೇತ್ ಓಡಿಸುವ ಕೆಲಸ. ಹೆಂಗಸು ಅವನ ತಾಯಿ ಸಾರಮ್ಮ, ಆಸ್ಪತ್ರೆಯಲ್ಲಿ ನರ್ಸು, ಗಂಡ ಇಲ್ಲ. ತಾಯಿ ಮಗ ಇಬ್ಬರೂ ಕ್ರೈಸ್ತರು, ಮಾತು ಮಾತ್ರ ನಮ್ಮ ನಿಮ್ಮ ಹಾಗೆಯೇ.

"ಆಚಾರ್ರೆ, ನಾವು ಮದುವೆ ಆಗ್ತಾ ಇದೀವಿ" ಅಂದಳು ಗಿರಿಜಾ. "ರಿಜಿಸ್ಟ್ರಾರ್ ಕಚೇರಿಯಾಗೆ ಸಹಿ. ಆಮೇಲೆ ಹರಿಹರದಾಗೆ ಅತ್ತೆ ಮನೆ ಅಂಗಳದಾಗೆ ತಾಳಿ. ನಾನು ಅವರ ಜಾತಿಗೆ ಸೇರಲ್ಲ, ಅವರು ನಮ್ಮದಕ್ಕೆ ಸೇರಲ್ಲ. ಜನ ಕೈ ಬೆರಳಲ್ಲಿ ಎಣಿಸೋವಷ್ಟೇ. ತಾಳಿ ನೀವು ಮಾಡಬೇಕು."

ನಾನು ಚಿಮುಟ ಕೆಳಗಿಟ್ಟೆ. "ಅಪ್ಪಾಜಿಗೆ ಗೊತ್ತೇನವ್ವ?"

"ಕಚೇರಿ ಬೋರ್ಡಿಗೆ ನೋಟೀಸು ಹಚ್ಚಿದಾರೆ. ಊರಿಗೆಲ್ಲ ಗೊತ್ತು. ಅಪ್ಪ ಮನೆ ಬಾಗಿಲು ಹಾಕಿದಾರೆ. ನಾನೀಗ ನಮ್ಮ ಹೆಡ್ಮಿಸ್ ಮನೇಲಿ ಇದೀನಿ." ಇಷ್ಟನ್ನೂ ಅವಳು ಹಾಜರಿ ಕರೆದ ಹಾಗೆ ಒಂದೇ ದನಿಯಲ್ಲಿ ಹೇಳಿದಳು. ಕಣ್ಣು ಮಾತ್ರ ಕೆಂಪಾಗಿದ್ದವು.

ಸಾರಮ್ಮ ಸೆರಗಿನ ಗಂಟು ಬಿಚ್ಚಿ ಒಂದು ಜೊತೆ ಹಳೇ ಓಲೆ ತೆಗೆದರು. "ನನ್ನ ಮದುವೀದು ಇವು. ಗಂಡನ ಮನೆ ಬೊಟ್ಟು ಇದರಾಗ ಆಗ್ಲಿ. ಮ್ಯಾಲೆ ಒಂದು ಸಣ್ಣ ಶಿಲುಬೆ ಇರ್ಲಿ, ಕಂಡೂ ಕಾಣದಂಗೆ." ನಾನು ಶಾಸ್ತ್ರ ಹೇಳಿದೆ, ತಟ್ಟೆ ಬೇಕು ಅಂದೆ. ಆಯಮ್ಮ ಆಗಲೇ ಎದುರಿನ ಅಂಗಡಿಗೆ ಹೋಗಿ ಎಲೆ ಅಡಿಕೆ ತಂದು ತಟ್ಟೆಯಲ್ಲಿಟ್ಟು, "ಗಂಡನ ಮನೇದು" ಅಂತ ಓಣಿಗೆ ಕೇಳುವ ಹಾಗೆ ಹೇಳಿದರು. ಆ ದನಿಗೆ ಎದುರಿನ ಅಂಗಡಿಯವನು ಇಣುಕಿ ನೋಡಿದ. ನನಗೆ ಆಯಮ್ಮನ ಮೇಲೆ ಆಗಲೇ ಗೌರವ ಬಂತು.

ಆಮೇಲೆ ಗಿರಿಜಾ ತನ್ನ ಚೀಲದಿಂದ ಒಂದು ಸಣ್ಣ ಬಂಗಾರದ ತುಂಡು ತೆಗೆದು ತಟ್ಟೆಯಲ್ಲಿಡಲು ಬಂದಳು. "ಇದು ತವರಿನ ಬೊಟ್ಟಿಗೆ."

"ಯಾರ ಬಂಗಾರ ಅವ್ವ ಇದು?"

"ನಂದು. ನನ್ನ ಸಂಬಳದಾಗ ತಗೊಂಡಿದ್ದು."

ನಾನು ತಟ್ಟೆ ಹಿಂದಕ್ಕೆ ಎಳೆದೆ. "ಅದು ಆಗಲ್ಲವ್ವ. ತವರಿನದು ತವರಿನೋರೇ ತರಬೇಕು. ನಿನ್ನ ಸಂಬಳದ ಬಂಗಾರ ತವರಿನ ಬಂಗಾರ ಹೆಂಗಾಗ್ತೈತೆ? ಸುಳ್ಳು ಬೊಟ್ಟು ನಾ ಮಾಡಲ್ಲ."

ಸ್ಯಾಮುವೇಲನಿಗೆ ಸಿಟ್ಟು ಬಂತು. "ಬ್ಯಾಡ ಬಿಡು ಗಿರಿಜಾ, ಒಂದೇ ಬೊಟ್ಟು ಕಟ್ಟೋಣ. ಒಂದಿದ್ರೆ ಏನಾಗ್ತೈತೆ?"

"ಏನೂ ಆಗಲ್ಲ" ಅಂದಳು ಅವಳು. "ಆದ್ರೆ ನನಗೆ ಎರಡು ಬೇಕು. ನಾನು ಎಲ್ಲಿಂದಲೋ ಓಡಿಬಂದೋಳಲ್ಲ. ನನಗೂ ಒಂದು ತವರಿತ್ತು ಅಂತ ಆ ಬೊಟ್ಟು ಹೇಳಬೇಕು. ಒಂದೇ ಬೊಟ್ಟು ಕಟ್ಟಿಕೊಂಡ್ರೆ ನನಗೆ ಯಾರೂ ಇರಲೇ ಇಲ್ಲ ಅಂತ ಆಗ್ತೈತೆ." ಇಷ್ಟು ಹೇಳಿ ಅತ್ತುಬಿಟ್ಟಳು. ನಾನು ಕಿವಿ ಚುಚ್ಚಿದಾಗಲೂ ಅಳದ ಹುಡುಗಿ. ಆದರೂ ನಾನು ತಟ್ಟೆ ಮುಂದಕ್ಕೆ ತಳ್ಳಲಿಲ್ಲ. "ನಾನು ನಿಮ್ಮಪ್ಪನ್ನ ಕೇಳ್ತೀನಿ" ಅಂದೆ. ಅಂದಮೇಲೆ ಯಾಕಾದರೂ ಅಂದೆನೋ ಅನ್ನಿಸಿತು.

ಸಿದ್ಧಪ್ಪನವರ ಮಂಡಿ ಮುಂದೆ, ಮನೆ ಹಿಂದೆ, ನಡುವೆ ಒಂದು ಬಾಗಿಲು. ನಾನು ಹೋದಾಗ ಅವರು ಹತ್ತಿ ತುಂಬಿದ ಅಂಡಿಗೆ ಚೀಲಗಳ ನಡುವೆ ಕೂತಿದ್ದರು. ಕೈಗೆ ಒಂದಿಷ್ಟು ಹತ್ತಿ ತಗೊಂಡು ಎಳೆ ಎಳೆದು ನೋಡಿದರೆ ಅದು ಯಾವ ಊರಿನ ಹೊಲದ್ದು ಅಂತ ಹೇಳುವ ಮನುಷ್ಯ. ಹಣೆ ತುಂಬ ವಿಭೂತಿ, ಮಾತು ಕಡಿಮೆ. "ಬರ್ರಿ ಆಚಾರ್ರೆ, ಕೂಡ್ರಿ" ಅಂದರು. ಕೂತೆ. ವಿಷಯ ಹೇಳಿದೆ. "ತವರಿನ ಬೊಟ್ಟಿಗೆ ಒಂದು ಚೂರು ಬಂಗಾರ ಕೊಟ್ಟುಬಿಡ್ರಿ. ಮದುವೆಗೆ ಬರಬ್ಯಾಡ್ರಿ, ಹರಸಬ್ಯಾಡ್ರಿ, ಅಷ್ಟು ಮಾತ್ರ ಕೊಡ್ರಿ."

ಅವರು ಕೈಯಲ್ಲಿದ್ದ ಹತ್ತಿಯನ್ನು ಅಂಡಿಗೆಗೆ ತುರುಕಿದರು. "ನನಗೆ ಒಬ್ಬಳೇ ಮಗಳಿದ್ಲು. ಅವಳ ತಾಳಿ ನಿಮ್ಮ ಹತ್ರ ಮಾಡಿಸಬೇಕು ಅಂತ ನಾನೂ ಲೆಕ್ಕ ಹಾಕಿದ್ದೆ. ಅದು ಈ ತಾಳಿ ಅಲ್ಲ. ನೀವು ಅವಳಿಗೆ ತಾಳಿ ಮಾಡಿಕೊಟ್ರೆ ಇನ್ನು ನಮ್ಮ ಮನೆ ಮೆಟ್ಟಿಲು ಹತ್ತಬ್ಯಾಡ್ರಿ. ನಮ್ಮ ಬಳಗದ ಯಾವ ಮನೇದೂ ಹತ್ತಂಗಿಲ್ಲ."

ನನಗೂ ರಕ್ತ ಕುದಿಯಿತು. "ಹತ್ತಲ್ಲ ಬಿಡ್ರಿ ಸಾಹುಕಾರ್ರೆ. ಗಂಡನ ಮನೆ ಬೊಟ್ಟು ನಾನು ಒಪ್ಪಿಕೊಂಡಾಗೈತೆ, ಅದನ್ನ ಮಾಡೇ ಮಾಡ್ತೀನಿ. ತವರಿನದು ಖಾಲಿ ಇದ್ರೆ ಅದು ನನ್ನ ತಪ್ಪಲ್ಲ, ನಿಮ್ಮದು." ಹೀಗೆ ಹೇಳಿ ಎದ್ದುಬಂದೆ. ಬರುವಾಗ ನಡುವಿನ ಬಾಗಿಲ ಹತ್ತಿರ ಬಳೆ ಸದ್ದಾಯಿತು. ನಾನು ತಿರುಗಿ ನೋಡಲಿಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳು ತಲೆ ಮೇಲೆ ಕೈ ಹೊತ್ತು ಕೂತಳು. "ಸರ್ಕಾರ ಒಂದು ಕಡೆ ಬಾಗಿಲು ಹಾಕೈತೆ, ಇದ್ದ ಗಿರಾಕಿ ಬಾಗಿಲನ್ನ ನೀವೇ ಹಾಕಿಸಿಕೊಂಡು ಬಂದ್ರಲ್ಲ!" ಅವಳ ಮಾತಿನಲ್ಲಿ ತಪ್ಪೇನಿರಲಿಲ್ಲ. ಆದರೆ ಒಪ್ಪಿಕೊಂಡ ತಾಳಿ ವಾಪಸು ಕೊಟ್ಟ ಪತ್ತಾರ ನಮ್ಮ ವಂಶದಲ್ಲಿ ಇಲ್ಲ. ಮಾರನೇ ದಿನವೇ ಸಾರಮ್ಮನ ಓಲೆ ಕರಗಿಸಿದೆ. ಕಾನೂನಿನ ಪ್ರಕಾರ ತಾಮ್ರ ಬೆರೆಸಿದೆ. ಬಿಳಿ ಸೀರೆಯ ಆ ಹೆಂಗಸು ಅಷ್ಟು ವರ್ಷ ಜೋಪಾನ ಮಾಡಿದ ಬಂಗಾರಕ್ಕೆ ತಾಮ್ರ ಸುರಿಯುವಾಗ ಸಂಕಟವಾಯಿತು. ಬೊಟ್ಟು ಕೆಂಪಗೆ ಬಂತು. ಶಿಲುಬೆಯನ್ನು ಸೂಜಿಮೊನೆಯಲ್ಲಿ ಕೊರೆದೆ.

ಎರಡು ಮೂರು ದಿನ ಬಿಟ್ಟು ಮಧ್ಯಾಹ್ನ ನೀಲಮ್ಮನವರು ಬಂದರು. ಸಿದ್ಧಪ್ಪನವರ ಹೆಂಡತಿ, ಗಿರಿಜಾಳ ತಾಯಿ. ಅವರ ಮನೆಯ ಹೆಂಗಸರು ಅಂಗಡಿಗೆ ಬರುವ ಪದ್ಧತಿಯೇ ಇರಲಿಲ್ಲ, ನಾನೇ ಮನೆಗೆ ಹೋಗುತ್ತಿದ್ದೆ. ಗಡಬಡಿಸಿ ಎದ್ದು ಮಣೆ ಹಾಕಿದೆ.

"ತಾಳಿ ದಾರ ಸವೆದೈತೆ, ಪೋಣಿಸಿಕೊಡ್ರಿ ಆಚಾರ್ರೆ" ಅಂದರು. ಸರ ಬಿಚ್ಚುವಾಗ ಮುತ್ತೈದೆಯ ಕೊರಳು ಬರಿದಾಗಬಾರದು, ಅದಕ್ಕೆ ಮೊದಲು ಅರಿಷಿಣದ ಕೊಂಬು ಕಟ್ಟಿದ ದಾರ ಹಾಕಿಕೊಳ್ಳಬೇಕು. ಅವರು ಅದನ್ನು ಮನೆಯಲ್ಲೇ ಕಟ್ಟಿಕೊಂಡು ಬಂದಿದ್ದರು. ಸರ ಬಿಚ್ಚಿ ನನ್ನ ಕೈಗಿಟ್ಟರು. ದಾರ ನೋಡಿದೆ, ಹೊಸದು. ಹೋದ ಹಬ್ಬಕ್ಕೆ ನಾನೇ ಪೋಣಿಸಿದ್ದು.

"ತಾಯೀ, ದಾರ ಗಟ್ಟಿ ಐತಲ್ಲ?"

"ಗಟ್ಟಿ ಇರೋದು ನನಗೂ ಗೊತ್ತು." ಮಣೆಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. "ನೀವು ಮಂಡಿಗೆ ಬಂದಾಗ ಬಾಗಿಲ ಹಿಂದೆ ನಿಂತಿದ್ದೆ. ಇದರಾಗ ತವರಿನದು ಯಾವುದು, ತೆಗೀರಿ."

ತೆಗೆದೆ. ದೊಡ್ಡಪ್ಪನ ಕೈಕೆಲಸ, ಹಿಂದೆ ಪುಟ್ಟದೊಂದು ಲಿಂಗದ ಗುರುತು, ಹಳದಿ ಬಂಗಾರ ಅಂದರೆ ಹಳದಿ ಬಂಗಾರ. ನೀಲಮ್ಮನವರು ತಟ್ಟೆ ಕೇಳಿದರು. ಸೊಂಟದ ಸಂಚಿಯಿಂದ ಎಲೆ ಅಡಿಕೆ ತೆಗೆದು ತಟ್ಟೆಯಲ್ಲಿಟ್ಟರು, ಕುಂಕುಮ ಇಟ್ಟರು, ಅದರ ಮೇಲೆ ತಮ್ಮ ಬೊಟ್ಟು ಇಟ್ಟರು.

"ಕೇಳ್ರಿ ಈಗ. ನೀವು ಕೇಳ್ತೀರಂತಲ್ಲ."

ನಾನು ತಟ್ಟೆಯ ಮುಂದೆ ನೆಟ್ಟಗೆ ಕೂತೆ. ಕೇಳಿದೆ, "ಯಾರ ಬಂಗಾರ ತಾಯೀ?"

"ತವರಿನದು. ನಮ್ಮವ್ವ ನನಗೆ ಕೊಟ್ಟಿದ್ಲು, ನಾನು ನನ್ನ ಮಗಳಿಗೆ ಕೊಡ್ತಿದೀನಿ. ನಿಮ್ಮ ಶಾಸ್ತ್ರಕ್ಕೆ ಕೊರತೆ ಏನಾದ್ರೂ ಐತೇನು?"

"ಇಲ್ಲ" ಅಂದೆ. "ಆದ್ರೆ ನಿಮ್ಮ ಕೊರಳು? ಸಾಹುಕಾರ್ರು ನೋಡಿದ್ರೆ?"

ಅವರು ಬೆರಳಿನಿಂದ ಒಂದು ಉಂಗುರ ಕಳಚಿದರು. "ಇದರಾಗ ಒಂದು ಬೊಟ್ಟು ಮಾಡಿ ಆ ಜಾಗಕ್ಕೆ ಪೋಣಿಸಿ."

"ಉಂಗುರ ಸಾಹುಕಾರ್ರು ಮಾಡಿಸಿದ್ದು ತಾಯೀ. ಎರಡೂ ಬೊಟ್ಟು ಗಂಡನ ಮನೇದೇ ಆಗ್ತಾವೆ. ತವರಿನದು ಅಂತ ಇರಂಗಿಲ್ಲ."

"ಆಗ್ಲಿ ಬಿಡ್ರಿ. ನಮ್ಮಪ್ಪ ಅವ್ವ ಹೋಗಿ ಎಷ್ಟೋ ವರ್ಷ ಆತು, ಅಣ್ಣ ತಮ್ಮ ಇಲ್ಲ. ನನಗೀಗ ತವರು ಎಲ್ಲೈತೆ? ಅವಳಿಗಾದ್ರೂ ಇರ್ಲಿ."

ನಾನು ಗಂಡಸು, ಅಂಗಡಿಯಲ್ಲಿ ಕೂತವನು, ಅಳಬಾರದು ಅಂತ ಅಗ್ಗಿಷ್ಟಿಕೆ ಊದುವ ನೆಪ ಮಾಡಿದೆ. ಹೊಗೆ ಬಂದು ಕಣ್ಣಿಗೆ ಹೊಡೆಯಿತು, ಒಳ್ಳೆಯದೇ ಆಯಿತು. ಉಂಗುರ ಕರಗಿಸಿ, ಕಾನೂನಿನ ತಾಮ್ರ ಬೆರೆಸಿ, ಹಳೇ ಬೊಟ್ಟಿನ ಅಚ್ಚಿನಲ್ಲೇ ಒಂದನ್ನು ಮಾಡಿದೆ. ಮೇಲೆ ಬಂಗಾರದ ಮುಲಾಮು, ಅಂದರೆ ತೆಳ್ಳನೆಯ ಲೇಪ, ಕೊಟ್ಟೆ. ಹತ್ತಿರ ಹಿಡಿದು ನೋಡದಿದ್ದರೆ ವ್ಯತ್ಯಾಸ ತಿಳಿಯದು, ಆದರೆ ಮುಲಾಮು ಸೀಗೆಪುಡಿಗೂ ಬೆವರಿಗೂ ಎಷ್ಟು ದಿನ ತಡೆದೀತು? ಅದನ್ನೂ ಹೇಳಿದೆ. "ನೋಡಿಕೊಳ್ಳೋಣ" ಅಂದರು ನೀಲಮ್ಮ. ಸರ ಕೊರಳಿಗೆ ಹಾಕಿಕೊಂಡು ಸೆರಗು ಸರಿಮಾಡಿಕೊಂಡು ಹೊರಟೇಹೋದರು.

ಮದುವೆಗೆ ಸಾಕ್ಷಿಗೆ ಮೂರು ಜನ ಬೇಕಿತ್ತು. ಗಿರಿಜಾಳ ಹೆಡ್ಮಿಸ್ ಒಬ್ಬರು, ಸ್ಯಾಮುವೇಲನ ಜೊತೆ ಕಾರ್ಖಾನೆಯಲ್ಲಿದ್ದ ಒಬ್ಬ ಹುಡುಗ, ಮೂರನೆಯವನು ನಾನು. ಹೋಗಬ್ಯಾಡ ಅಂತ ಯಾರಾದರೂ ಅಂದರೆ ನಾನು ಹೋಗೇ ಹೋಗುವವನು, ಅದಕ್ಕೆ ಹೆಂಡತಿ ಏನೂ ಅನ್ನದೆ ಇಸ್ತ್ರಿ ಮಾಡಿದ ಅಂಗಿ ಕೊಟ್ಟಳು. ಕಚೇರಿಯಲ್ಲಿ ಸಹಿಯಾದ ಮೇಲೆ ಎಲ್ಲರೂ ಹರಿಹರಕ್ಕೆ ಹೋದೆವು. ಸಾರಮ್ಮನ ಮನೆ ಹೊಳೆಯ ಕಡೆಗಿತ್ತು. ಅಂಗಳ ಸಾರಿಸಿ ಮಾವಿನ ತೋರಣ ಕಟ್ಟಿದ್ದರು. ಅವತ್ತು ಮನೆಯಲ್ಲಿ ಮೀನು ಮಾಂಸ ಏನೂ ಇಲ್ಲ, ಹೋಳಿಗೆ, ಕೋಸಂಬರಿ, ಅನ್ನ ಸಾರು. "ಹೋಳಿಗೆ ಕಣಕ ಹರೀತೈತೆ, ನನಗೆ ಅಭ್ಯಾಸ ಇಲ್ಲ" ಅಂತ ಸಾರಮ್ಮ ಬೆವರು ಒರೆಸಿಕೊಳ್ಳುತ್ತಿದ್ದರು. ಹೆಡ್ಮಿಸ್ ಸೆರಗು ಸಿಕ್ಕಿಸಿ ಲಟ್ಟಿಸೋಕೆ ನಿಂತರು.

ಗಿರಿಜಾ ಒಳಗಿನ ಕೋಣೆಯಲ್ಲಿ ತನ್ನ ಲಿಂಗಪೂಜೆ ಮುಗಿಸಿ ಬಂದಳು. ಸಾರಮ್ಮ ತಮ್ಮ ಪುಸ್ತಕ ತೆಗೆದು ಒಂದು ಪ್ರಾರ್ಥನೆ ಓದಿದರು. ಅದು ಮುಗಿಯುವವರೆಗೆ ಗಿರಿಜಾ ಕಣ್ಣು ಮುಚ್ಚಿ ನಿಂತಿದ್ದಳು. ಆಮೇಲೆ ನಾನು ಜೇಬಿನಿಂದ ಸರ ತೆಗೆದೆ. ಒಂದು ಬೊಟ್ಟು ಕೆಂಪು, ಒಂದು ಹಳದಿ. ಅವಳು ಹಳದಿಯದನ್ನು ತಿರುಗಿಸಿ ಹಿಂದಿನ ಲಿಂಗದ ಗುರುತನ್ನು ಬೆರಳಿಂದ ಸವರಿದಳು. ತಾಯಿಯ ಎದೆಯ ಮೇಲೆ ಅದನ್ನು ನೋಡಿಕೊಂಡೇ ಬೆಳೆದವಳು, ನಾನು ಹೇಳಬೇಕಾದದ್ದು ಏನೂ ಇರಲಿಲ್ಲ.

"ಬಣ್ಣ ಒಂದೇ ಬರಲಿಲ್ಲವ್ವ, ಕಾನೂನು ಹಂಗೈತೆ" ಅಂತ ಸಂಕೋಚದಿಂದ ಹೇಳಿದೆ.

"ಇರ್ಲಿ ಬಿಡ್ರಿ ಆಚಾರ್ರೆ. ಎರಡೂ ಬ್ಯಾರೆ ಬ್ಯಾರೆ ಬಣ್ಣ ಅಂತ ಊರಿಗೆಲ್ಲ ಗೊತ್ತೇ ಐತೆ" ಅಂದಳು. ಅಳುತ್ತಲೇ ನಕ್ಕಳು. ಲೇತಿನ ಮೇಲೆ ಕೂದಲೆಳೆಯ ಅಳತೆಗೆ ಕಬ್ಬಿಣ ಕಡೆಯುವ ಸ್ಯಾಮುವೇಲನಿಗೆ ತಾಳಿಯ ಗಂಟು ಮಾತ್ರ ಬೀಳಲಿಲ್ಲ, ಎರಡು ಸಲ ಜಾರಿತು. ಸಾರಮ್ಮ "ಅಯ್ಯೋ ನನ ಮಗನೇ" ಅಂತ ತಾವೇ ಕೈ ಹಚ್ಚಿದರು. ಅಕ್ಕಿಕಾಳು ಹಾಕಿದೆವು. ಹರಿದ ಹೋಳಿಗೆ ತುಪ್ಪ ಹಾಕಿಕೊಂಡು ತಿಂದೆವು, ಅಷ್ಟು ರುಚಿಯ ಹೋಳಿಗೆ ನಾನು ದೊಡ್ಡ ದೊಡ್ಡ ಮದುವೆಗಳಲ್ಲೂ ತಿಂದಿಲ್ಲ.

ಸಿದ್ಧಪ್ಪನವರು ಆಡಿದ ಮಾತಿಗೆ ತಪ್ಪಲಿಲ್ಲ. ಅವರ ಬಳಗದ ಒಂದು ಮನೆಯಿಂದಲೂ ಮೂಗುಬೊಟ್ಟಿನ ತಿರುಪು ರಿಪೇರಿಗೂ ಯಾರೂ ಬರಲಿಲ್ಲ. ರಸ್ತೆಯಲ್ಲಿ ಎದುರಾದರೆ ಮುಖ ತಿರುಗಿಸಿ ಹೋಗುತ್ತಿದ್ದರು. ನಾನೂ ತಿರುಗಿಸುತ್ತಿದ್ದೆ, ನನಗೇನು ಕತ್ತು ಇಲ್ಲವೇ? ಸಾರಮ್ಮ ಆಸ್ಪತ್ರೆಯ ನರ್ಸುಗಳನ್ನೆಲ್ಲ ನನ್ನ ಅಂಗಡಿಗೆ ಅಟ್ಟಿದರು. ಅವರ ಓಲೆ, ಉಂಗುರ, ಗಡಿಯಾರದ ಕೊಂಡಿ ಅಂತ ಸಣ್ಣ ಪುಟ್ಟ ಕೆಲಸ ಬಂತು. ಹೆಂಡತಿ ಮನೆಯಲ್ಲಿ ಹಪ್ಪಳ ಮಾಡಿ ಮಾರಿದಳು. ಅಂಗಡಿ ಮುಚ್ಚಲಿಲ್ಲ. ಈ ಕೆಲಸಕ್ಕೆ ಬರುವ ಹುಡುಗರೇ, ನಿಮಗೂ ಇಂಥ ಕಾಲ ಬಂದೀತು. ಕೆಲಸ ಕಡಿಮೆಯಾದರೆ ಕೈ ಕೊಳೆಯುವುದಿಲ್ಲ, ಒಪ್ಪಿದ್ದನ್ನು ಬಿಟ್ಟರೆ ಕೊಳೆಯುತ್ತದೆ.

ಕೆಲವು ವರ್ಷ ಕಳೆದ ಮೇಲೆ ಸರ್ಕಾರ ಹದಿನಾಲ್ಕರ ಕಟ್ಟು ಸಡಿಲಿಸಿತು. ಓಣಿಯಲ್ಲಿ ಮತ್ತೆ ಸುತ್ತಿಗೆ ಸದ್ದು ಕೇಳೋಕೆ ಶುರುವಾಯಿತು. ಆ ದಿನಗಳಲ್ಲೇ ಒಂದು ಬೆಳಿಗ್ಗೆ ನನ್ನ ಅಂಗಡಿ ಬಾಗಿಲಿಗೆ ನೆರಳು ಬಿತ್ತು. ತಲೆ ಎತ್ತಿದರೆ ಸಿದ್ಧಪ್ಪನವರು! ಜಗಳಕ್ಕೇ ಬಂದಿದ್ದಾರೆ ಅಂತ ನಾನು ಎದ್ದೇ ನಿಂತೆ.

"ಕೂಡ್ರಿ ಆಚಾರ್ರೆ, ಹೊಡಿಯಾಕೆ ಬಂದಿಲ್ಲ" ಅಂದರು. ಚಪ್ಪಲಿ ಬಿಟ್ಟು ಒಳಗೆ ಬಂದು ಮಣೆಯ ಮೇಲೆ ಕೂತರು. "ನಮ್ಮನೆಯಾಕೆ ಕೊರಳಾಗ ಒಂದು ಬೊಟ್ಟು ಕೆಂಪಾಗೈತೆ."

ನಾನು ಒರೆಗಲ್ಲು ಒರೆಸುತ್ತ ಕೂತೆ.

"ನಾನು ಹತ್ತಿ ಮುಟ್ಟಿ ಊರು ಹೇಳೋನು. ಹೆಂಡ್ತಿ ಕೊರಳಾಗಿನ ಬೊಟ್ಟು ಬದಲಾದ್ರೆ ನನಗೆ ಗೊತ್ತಾಗಲ್ವೇನ್ರಿ? ಮೊದಲ ದಿನಾನೇ ಗೊತ್ತಾತು. ಊಟಕ್ಕೆ ಬಡಿಸಾಕೆ ಬಗ್ಗಿದ್ಲು, ನೋಡಿದೆ."

"ಮತ್ತೆ ಯಾಕ ಸುಮ್ನಿದ್ರಿ?"

"ಕೇಳಿದ್ರೆ ಅವಳು ನಿಜ ಹೇಳಿಬಿಡ್ತಿದ್ಲು. ಹೇಳಿದ ಮ್ಯಾಲೆ ನಾನು ಸಿಟ್ಟು ಮಾಡಬೇಕಾಗ್ತಿತ್ತು. ಅದಕ್ಕೇ ಕೇಳಲಿಲ್ಲ." ಅವರು ತಮ್ಮ ಕೈಬೆರಳುಗಳನ್ನೇ ನೋಡಿಕೊಂಡು ಮಾತಾಡುತ್ತಿದ್ದರು. "ಆಮೇಲೆ ಅಮಾಸಿಗೊಮ್ಮೆ ಉಕ್ಕಡಗಾತ್ರಿಗೆ ಅಜ್ಜಯ್ಯನ ದರ್ಶನಕ್ಕೆ ಹೋಗ್ತೀನಿ ಅಂತ ಹೊರಡಾಕೆ ಶುರು ಮಾಡಿದ್ಲು. ಈಟು ವರ್ಷದಾಗ ಒಂದು ದಿನಾನೂ ಪ್ರಸಾದ ತರಲಿಲ್ಲ. ನಾನೇನು ಕುರುಡನಾ? ಹೋದ ಅಮಾಸಿಗೆ ಅವಳು ಹತ್ತಿದ ಬಸ್ಸಿಗೇ ನಾನೂ ಹಿಂದಿನ ಬಾಗಿಲಿಂದ ಹತ್ತಿದೆ. ಅವಳು ಹರಿಹರದಾಗ ಇಳಿದ್ಲು. ನಾನೂ ಇಳಿದೆ. ಏನು ಮಾಡ್ಲಿ ಹೇಳ್ರಿ, ಟಿಕೀಟು ಉಕ್ಕಡಗಾತ್ರಿಗೇ ತಗೊಂಡಿದ್ದೆ, ಉಳಿದ ದುಡ್ಡು ದಂಡ."

ನನಗೆ ನಗು ತಡೆಯಲಾಗಲಿಲ್ಲ. ಅವರೂ ಮೀಸೆಯಲ್ಲೇ ನಕ್ಕರು. "ಆ ನರ್ಸಮ್ಮನ ಜಗಲಿ ಮ್ಯಾಲೆ ಕುಂತೆ. ಯಾರೂ ಏನೂ ಕೇಳಲಿಲ್ಲ. ಆಯಮ್ಮ ಒಂದು ಚೊಂಬು ನೀರು ತಂದು ಮುಂದಿಟ್ಟು ಒಳಗೆ ಹೋದ್ರು. ಬಿಸಿಲಿತ್ತು, ಕುಡಿದೆ." ಅಷ್ಟಕ್ಕೇ ನಿಲ್ಲಿಸಿದರು. ಹಣೆ ತುಂಬ ವಿಭೂತಿಯ ಆ ಮನುಷ್ಯ ಆ ಮನೆಯ ನೀರು ಕುಡಿದದ್ದು ಎಷ್ಟು ದೊಡ್ಡ ಮಾತು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

"ಈಗ ಆ ಕೆಂಪು ಬೊಟ್ಟು ತೆಗೆದು ಅಸಲಿ ಬಂಗಾರದ್ದು ಮಾಡಬೇಕು" ಅಂದರು. "ತವರಿನ ಬೊಟ್ಟು ಅದು. ಚಂದಾಗಿ ಆಗಬೇಕು."

ನನ್ನ ಹಳೇ ಹಟ ತಲೆ ಎತ್ತಿತು. ತಟ್ಟೆ ತೆಗೆದು ಮುಂದಿಟ್ಟೆ. "ಬಂಗಾರ ಯಾರದು ಸಾಹುಕಾರ್ರೆ? ನೀವು ಕೊಟ್ರೆ ಅದು ತವರಿನದಾಗಲ್ಲ. ಆ ತಾಯಿಗೆ ತವರು ಅಂತ ಯಾರೂ ಉಳಿದಿಲ್ಲ, ಅವರೇ ಹೇಳಿದ್ರು."

ಸಿದ್ಧಪ್ಪನವರು ಬಾಗಿಲ ಕಡೆ ತಿರುಗಿದರು. "ಬಾರವ್ವ" ಅಂತ ಕರೆದರು.

ಕಟ್ಟೆಯ ಮರೆಗೆ ನಿಂತಿದ್ದ ಗಿರಿಜಾ ಒಳಗೆ ಬಂದಳು. ಸ್ವಲ್ಪ ಮೈತುಂಬಿಕೊಂಡಿದ್ದಳು, ಕೊರಳಲ್ಲಿ ಅದೇ ಸರ, ಒಂದು ಕೆಂಪು ಒಂದು ಹಳದಿ. ಚೀಲದಿಂದ ಎಲೆ ಅಡಿಕೆ ತೆಗೆದು ತಟ್ಟೆಯಲ್ಲಿಟ್ಟಳು. ಅದರ ಮೇಲೆ ಕಾಗದದಲ್ಲಿ ಸುತ್ತಿದ್ದ ಒಂದು ಸಣ್ಣ ತುಂಡು ಬಂಗಾರ ಬಿಚ್ಚಿ ಇಟ್ಟಳು. ನನಗೆ ಗುರುತು ಸಿಕ್ಕಿತು. ಅವತ್ತು ನಾನು ಬ್ಯಾಡ ಅಂದದ್ದು ಅದೇ ತುಂಡು.

"ನನ್ನ ಸಂಬಳದ್ದು" ಅಂದಳು. "ಇದು ತವರಿನ ಬಂಗಾರ ಆಗ್ತೈತೋ ಇಲ್ಲೋ, ಈಗ ಹೇಳ್ರಿ ಆಚಾರ್ರೆ. ನಮ್ಮವ್ವಗೆ ತವರು ಅಂದ್ರೆ ಇನ್ನು ಹರಿಹರದ ನಮ್ಮನೆ. ಅಮಾಸಿಗೆ ಬರ್ತಾಳೆ, ಒಂದು ರಾತ್ರಿ ಇದ್ದು ಹೋಗ್ತಾಳೆ. ಮತ್ಯಾರು ಕೊಡಬೇಕು ಅವಳಿಗೆ?"

ಸಿದ್ಧಪ್ಪನವರು ಶಲ್ಯದಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಈ ಸಲ ನಾನು ಊದುವ ನೆಪ ಮಾಡಲಿಲ್ಲ, ಕಣ್ಣೊರೆಸಿಕೊಂಡು ಎರಡೂ ಕೈಯಿಂದ ತಟ್ಟೆ ಹತ್ತಿರ ಎಳೆದುಕೊಂಡೆ. ದೊಡ್ಡಪ್ಪ ಕೇಳುತ್ತಿದ್ದ ಹಾಗೆ ಗಟ್ಟಿಯಾಗಿ ಕೇಳಿದೆ.

"ಯಾರ ಬಂಗಾರ?"

"ತವರಿನದು" ಅಂದಳು ಗಿರಿಜಾ. ಪಕ್ಕದಲ್ಲಿ ಕೂತಿದ್ದ ಅವಳಪ್ಪನೂ ಅದೇ ಮಾತನ್ನು ಇನ್ನೊಮ್ಮೆ, ಓಣಿಗೆಲ್ಲ ಕೇಳುವ ಹಾಗೆ ಹೇಳಿದರು. ನಾನು ಒಲೆಗೆ ಇದ್ದಿಲು ಹಾಕಿದೆ.